ತಂತಿ ಯಾರದು? ಗೋಕಾಕ ಜಲಪಾತದಿಂದ ಹುಕ್ಕೇರಿ ಸೊಸೈಟಿಯವರೆಗೆ ವಿದ್ಯುತ್ತಿನ ಚರಿತ್ರೆ

ಗೋಕಾಕ ಸೀಮೆಯ ವಿದ್ಯುತ್ ಚರಿತ್ರೆಯನ್ನು 1887ರಿಂದ ಆರಂಭಿಸುವುದು ರೂಢಿ. ಆ ವರ್ಷ ಘಟಪ್ರಭೆಯ ಜಲಪಾತದ ನೆತ್ತಿಯಲ್ಲಿ ನೂಲಿನ ಗಿರಣಿ ಶುರುವಾಯಿತು. ಏಷ್ಯಾ ಖಂಡದಲ್ಲೇ ಮೊದಲು ನೀರಿನಿಂದ ವಿದ್ಯುತ್ ತೆಗೆದದ್ದು ಇಲ್ಲಿ ಎಂಬ ಹೆಮ್ಮೆಯ ಮಾತು ಆಗಿನಿಂದ ಬಾಯಿಂದ ಬಾಯಿಗೆ ಸಾಗಿ ಬಂದಿದೆ. ಆ ಹೆಮ್ಮೆಯನ್ನು ನಾನು ಅಲ್ಲಗಳೆಯಲು ಹೊರಟಿಲ್ಲ. ಆದರೆ ‘ಮೊದಲಿಗರು ಯಾರು’ ಎಂಬ ಪ್ರಶ್ನೆಯ ಸದ್ದಿನಲ್ಲಿ, ಪಕ್ಕದ ಹುಕ್ಕೇರಿ ತಾಲ್ಲೂಕು ಎತ್ತಿದ ಇನ್ನೂ ದೊಡ್ಡ ಪ್ರಶ್ನೆ ನಮ್ಮ ಸಂಶೋಧಕರ ಕಿವಿಗೆ ಬಿದ್ದಿಲ್ಲ: ಮನೆಗೆ ಬೆಳಕು ತರುವ ತಂತಿ ಯಾರದು?

ಮೊದಲು ಗಿರಣಿಯ ವಿಷಯ. 1885ರಲ್ಲಿ ಹುಟ್ಟಿದ ಕಂಪನಿಯ ಹೆಸರು ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’. ಹೆಸರಿನಲ್ಲಿರುವುದು ಜಲಶಕ್ತಿ, ವಿದ್ಯುತ್ತಿನ ಮಾತೇ ಇಲ್ಲ. ಆ ಕಾಲದಲ್ಲಿ ಇವೆರಡೂ ಬೇರೆ ಬೇರೆ ಸಂಗತಿಗಳು. ಬೀಳುವ ನೀರು ಟರ್ಬೈನನ್ನು ತಿರುಗಿಸಿದರೆ, ಆ ತಿರುಗುವಿಕೆಯನ್ನೇ ನೇರವಾಗಿ ಯಂತ್ರಕ್ಕೆ ಸಾಗಿಸಬಹುದು. ಅದನ್ನು ವಿದ್ಯುತ್ತಾಗಿ ಬದಲಿಸಲೇಬೇಕೆಂದಿಲ್ಲ. ಹಾಗಾಗಿ ಗಿರಣಿ ಆರಂಭವಾದ ವರ್ಷವನ್ನೂ ವಿದ್ಯುತ್ ಉತ್ಪಾದನೆಯ ವರ್ಷವನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಶಾಸ್ತ್ರದ ದೃಷ್ಟಿಯಿಂದ ಸಲ್ಲದು. ಡಾರ್ಜಿಲಿಂಗಿನ ಸಿದ್ರಾಪೊಂಗ್ 1897ರದ್ದು, ನಮ್ಮ ಶಿವನಸಮುದ್ರ 1902ರದ್ದು. ಈ ಎರಡರ ಜೊತೆ ಗೋಕಾಕವನ್ನು ತೂಗುವಾಗ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಒಂದೇ ಬಗೆಯ ವಸ್ತು ಇರಬೇಕು.

ಗಿರಣಿ ಜಲಪಾತದ ಅಂಚಿಗೇ ಅಂಟಿಕೊಂಡು ಕೂತಿರುವುದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ಇಲ್ಲಿ ನೀರು ಸುಮಾರು 52 ಮೀಟರ್ ಬೀಳುತ್ತದೆ. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಅಷ್ಟು ಎತ್ತರದಿಂದ ಬಿದ್ದರೆ, ನಷ್ಟವನ್ನು ಲೆಕ್ಕಕ್ಕೆ ಹಿಡಿಯದೆ, ಸುಮಾರು 510 ಕಿಲೋವ್ಯಾಟ್ ಶಕ್ತಿ. ಆದರೆ ಆ ಶಕ್ತಿಯನ್ನು ದೂರ ಒಯ್ಯುವ ಉಪಾಯ 1887ರಲ್ಲಿ ಇನ್ನೂ ಬಲಿತಿರಲಿಲ್ಲ. ಜರ್ಮನಿಯಲ್ಲಿ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ವರೆಗೆ ಹೆಚ್ಚಿನ ಒತ್ತಡದ ಪರ್ಯಾಯ ವಿದ್ಯುತ್ತನ್ನು ಹರಿಸಿ ತೋರಿಸಿದ್ದು 1891ರಲ್ಲಿ. ಅದಕ್ಕೆ ಮುಂಚೆ ನೀರು ಬೀಳುವಲ್ಲಿಗೇ ಕಾರ್ಖಾನೆ ಬರಬೇಕಿತ್ತು. ಬಂದ ಮೇಲೆ ಶಕ್ತಿ ಗಿರಣಿಯ ಒಡೆಯರ ಸೊತ್ತು. ನದಿಯ ಕೆಳಗಿನ ಹಳ್ಳಿಗಳಿಗೆ ಅದರಲ್ಲಿ ಪಾಲಿರಲಿಲ್ಲ. ಹಳ್ಳಿಗಳಿಗೆ ಸಿಕ್ಕಿದ್ದು ನೀರು. ಜಲಪಾತದ ಮೇಲಿನ ಧೂಪದಾಳದ ಒಡ್ಡಿನಿಂದ ಹೊರಟ ಕಾಲುವೆ ಇಂದಿನ ಮೂಡಲಗಿ ತಾಲ್ಲೂಕಿನ ಎರೆಹೊಲಗಳವರೆಗೆ ಹರಿಯಿತು.

ಹುಕ್ಕೇರಿಯ ಕತೆ 1969ರದ್ದು. ಅಷ್ಟರಲ್ಲಿ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತ್ತು, ಶರಾವತಿಯ ವಿದ್ಯುತ್ ಹರಿಯತೊಡಗಿತ್ತು. ಶಕ್ತಿ ದೂರ ಸಾಗಬಲ್ಲದು ಎಂಬುದರಲ್ಲಿ ಸಂಶಯ ಉಳಿದಿರಲಿಲ್ಲ. ಊರ ಕೊನೆಯ ಮನೆಗೆ ಅದನ್ನು ಮುಟ್ಟಿಸುವವರು ಯಾರು ಎಂಬುದೇ ಪ್ರಶ್ನೆ. ಆ ವರ್ಷ ಸ್ಥಾಪನೆಯಾದ ಗ್ರಾಮೀಣ ವಿದ್ಯುದೀಕರಣ ನಿಗಮ ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಮಾದರಿಯನ್ನು ದೇಶದ ಐದು ಕಡೆ ಪ್ರಯೋಗಕ್ಕಿಟ್ಟಿತು: ಗುಜರಾತಿನ ಕೋಡಿನಾರ, ಉತ್ತರ ಪ್ರದೇಶದ ಲಖನೌ, ಮಹಾರಾಷ್ಟ್ರದ ಮುಳಾ ಪ್ರವರಾ, ಆಗಿನ ಆಂಧ್ರ ಪ್ರದೇಶದ ಸಿರ್ಸಿಲ್ಲ ಮತ್ತು ನಮ್ಮ ಹುಕ್ಕೇರಿ. ಹುಕ್ಕೇರಿಯನ್ನು ಆರಿಸಿದ್ದರ ಹಿಂದೆ ನೆಲದ ಗುಣವೂ ಇದೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆ ಇದು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದ ಅಪ್ಪಣ್ಣಗೌಡ ಪಾಟೀಲರಂಥ ಧುರೀಣರು ಇದ್ದ ತಾಲ್ಲೂಕು.

ಇಲ್ಲಿ ಸಂಶೋಧಕನಿಗೆ ನಿಜವಾದ ಕೆಲಸ ಸಿಗುತ್ತದೆ, ಏಕೆಂದರೆ ಒಂದೇ ಶಾಸ್ತ್ರ ಹಿಡಿದು ಹೋದರೆ ಹುಕ್ಕೇರಿಯಲ್ಲಿ ಹೀಗೆ ಹುಟ್ಟಿದ ವಿದ್ಯುತ್ ಸಹಕಾರಿ ಸೊಸೈಟಿ ಅರ್ಥವಾಗುವುದಿಲ್ಲ. ಕಾನೂನನ್ನೇ ನೋಡಿ. ಸಹಕಾರ ಸಂಘವಾಗಿ ಅದು 1959ರ ರಾಜ್ಯ ಸಹಕಾರ ಸಂಘಗಳ ಕಾಯ್ದೆಗೆ ಒಳಪಟ್ಟಿದೆ. ಅಲ್ಲಿ ಸದಸ್ಯನಿಗೆ ಒಂದು ಮತ, ಷೇರು ಎಷ್ಟಿದ್ದರೂ ಸರಿ. ವಿದ್ಯುತ್ ವಿತರಕನಾಗಿ ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯ ಕೆಳಗೆ ಬರುತ್ತದೆ; ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಸದಸ್ಯ ಏಕಕಾಲಕ್ಕೆ ಒಡೆಯನೂ ಹೌದು, ಗಿರಾಕಿಯೂ ಹೌದು. ಬಿಲ್ಲು ಕಟ್ಟದಿದ್ದರೆ ಒಡೆಯನ ಮನೆಯ ಕರೆಂಟನ್ನು ಅವನದೇ ಸಂಘದ ಲೈನ್‌ಮನ್ ಕಡಿಯಬೇಕು. ಚುನಾವಣೆಯಲ್ಲಿ ಗೆಲ್ಲಬೇಕಾದ ಆಡಳಿತ ಮಂಡಳಿಗೆ ಇದು ಎಷ್ಟು ಕಠಿಣವೆಂದು ಹಳ್ಳಿಯ ರಾಜಕೀಯ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಸಗಟಾಗಿ ವಿದ್ಯುತ್ ಕೊಂಡು ಚಿಲ್ಲರೆಯಾಗಿ ಮಾರುವ ಸಂಸ್ಥೆಗೆ ಬಾಕಿಯೇ ದೊಡ್ಡ ರೋಗ. ಮುಳಾ ಪ್ರವರಾದ ಪರವಾನಗಿ 2011ರಲ್ಲಿ ಮುಗಿದು, ಅದರ ಪ್ರದೇಶ ಮಹಾರಾಷ್ಟ್ರದ ಸರಕಾರಿ ಕಂಪನಿಗೆ ಹೋಯಿತು. ಹುಕ್ಕೇರಿ ಉಳಿಯಿತು. ಕರ್ನಾಟಕದಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಎಂದರೆ ಇದೊಂದೇ. ಆ ಉಳಿವು ಸಣ್ಣ ಸಾಧನೆಯಲ್ಲ ಎಂದು ನನ್ನ ದೃಢ ನಂಬಿಕೆ.

ಲೆಕ್ಕದ ಮಾತು ಇನ್ನೂ ಸೂಕ್ಷ್ಮ. ಕೃಷಿ ಪಂಪ್‌ಸೆಟ್ಟುಗಳಲ್ಲಿ ಬಹುಪಾಲಿಗೆ ಮೀಟರ್ ಇರುವುದಿಲ್ಲ; ಅವು ಬಳಸಿದ್ದನ್ನು ಅಂದಾಜು ಮಾಡುತ್ತಾರೆ. ಉದಾಹರಣೆಗೆ 100 ಯೂನಿಟ್ ಕೊಂಡು, 60 ಮೀಟರಿನಲ್ಲಿ ಕಂಡು, 30ನ್ನು ಪಂಪುಗಳ ಹೆಸರಿಗೆ ಬರೆದರೆ ನಷ್ಟ 10. ಅಂದಾಜನ್ನು 35ಕ್ಕೆ ಏರಿಸಿದರೆ ನಷ್ಟ 5ಕ್ಕೆ ಇಳಿಯುತ್ತದೆ. ತಂತಿಯಲ್ಲಿ ಏನೂ ಬದಲಾಗಿರುವುದಿಲ್ಲ. ತಂತಿ ಬಿಸಿಯಾಗುವ ನಷ್ಟವಾದರೋ ಹರಿವಿನ ವರ್ಗಕ್ಕೆ ಅನುಗುಣ: ಪ್ರವಾಹ ಇಮ್ಮಡಿಯಾದರೆ ನಷ್ಟ ನಾಲ್ಕು ಪಟ್ಟು. ಬೇಸಗೆಯಲ್ಲಿ ತ್ರೀ ಫೇಸ್ ಬಂದ ಗಳಿಗೆಯಲ್ಲೇ ಎಲ್ಲ ಪಂಪುಗಳು ಒಟ್ಟಿಗೆ ಎದ್ದಾಗ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಸುಡುವುದೂ ಇದೇ ನಿಯಮದಿಂದ. ಹಾಗಾಗಿ ಕಾಗದದ ಮೇಲಿನ ನಷ್ಟದ ಅಂಕಿಯನ್ನು ಫೀಡರಿನ (ಉಪಕೇಂದ್ರದಿಂದ ಹೊರಡುವ ಮುಖ್ಯ ತಂತಿಯ) ಮೀಟರಿನೊಡನೆ ಹೋಲಿಸದೆ ಯಾವ ಸಂಸ್ಥೆಯನ್ನೂ ಹೊಗಳಬಾರದು, ತೆಗಳಲೂಬಾರದು.

ಆ ಹೋಲಿಕೆಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳಿಗಿಂತ ಒಳ್ಳೆಯ ಕ್ಷೇತ್ರ ಸಿಗಲಿಕ್ಕಿಲ್ಲ. ಕಣಿವೆ ಒಂದೇ, ಕಬ್ಬು, ಗೋವಿನಜೋಳದ ಬೆಳೆಯೂ ಒಂದೇ ಬಗೆಯದು. ಗೋಕಾಕ, ಮೂಡಲಗಿಗಳಿಗೆ ವಿದ್ಯುತ್ ಕೊಡುವುದು 2002ರಲ್ಲಿ ಹುಟ್ಟಿದ ಹುಬ್ಬಳ್ಳಿಯ ಸರಕಾರಿ ವಿತರಣಾ ಕಂಪನಿ ಹೆಸ್ಕಾಂ, ಹುಕ್ಕೇರಿಗೆ ಸೊಸೈಟಿ. ಸೊಸೈಟಿ ಕೊಳ್ಳುವುದೂ ಅದೇ ಹೆಸ್ಕಾಂನಿಂದ. ಒಂದೇ ತಿಂಗಳಲ್ಲಿ, ಗಡಿಯ ಈಚೆ ಆಚೆ ತಲಾ ಒಂದು ಕೃಷಿ ಫೀಡರ್ ಆರಿಸಿಕೊಂಡು, ಟಿಸಿ ಸುಟ್ಟ ದಿನದಿಂದ ಹೊಸದು ಕೂತ ದಿನದವರೆಗಿನ ಅಂತರವನ್ನೂ ಬಿಲ್ಲು ಪಾವತಿಯ ಪ್ರಮಾಣವನ್ನೂ ಅಕ್ಕಪಕ್ಕ ಬರೆದುಕೊಳ್ಳಬೇಕು. ಒಡೆತನದಿಂದ ಸೇವೆಯಲ್ಲಿ ವ್ಯತ್ಯಾಸ ಆಗುತ್ತದೆಯೇ ಎಂಬ ಪ್ರಶ್ನೆಗೆ ಬೇಕಾದ ಮೊದಲ ಪಟ್ಟಿ ಅದು.