ಕಾಲೇಜಿನ ಮೊದಲ ವರ್ಷ: ಕೊಳ್ಳೇಗಾಲದ ಸೀಮೆಯ ಒಂದು ವಿಚಾರ

ಒಂದು ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಲಾಕಾಲೇಜುಗಳು ಸ್ಥಾಪಿತವಾದ ವರ್ಷಗಳನ್ನೂ, ಅವುಗಳಿಗೆ ನೆರವಾದ ಪುಣ್ಯವಂತರ ಹೆಸರುಗಳನ್ನೂ ಕ್ರಮವಾಗಿ ಹೇಳಿ ಮುಗಿಸುವರು. ಆ ಕಟ್ಟಡದ ಬಾಗಿಲಿಗೆ ಹಳ್ಳಿಯ ಹುಡುಗನು ಹೇಗೆ ಬಂದು ಮುಟ್ಟಿದನು, ಬಂದ ಮೇಲೆ ಎಲ್ಲಿ ಉಂಡನು, ಅಲ್ಲಿ ಹೇಳಿದ ಪಾಠದಲ್ಲಿ ಅವನಿಗೆ ಎಷ್ಟು ತಿಳಿಯಿತು ಎಂಬ ಸಂಗತಿಗಳು ಆ ಪುಟಗಳಲ್ಲಿ ಸೇರುವುದಿಲ್ಲ. ಆದರೆ ಶಾಗ್ಯದಂಥ ಹಳ್ಳಿಯಲ್ಲಿ ನಿಂತು ನೋಡಿದರೆ ಇವೇ ಮುಖ್ಯವಾದ ಪ್ರಶ್ನೆಗಳೆಂದು ತೋರುತ್ತವೆ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕೊಳ್ಳೇಗಾಲವು ಇಂಗ್ಲಿಷರ ವಶಕ್ಕೆ ಹೋಗಿ ಮದರಾಸಿನ ಆಳಿಕೆಯ ಕೊಯಮತ್ತೂರು ಜಿಲ್ಲೆಗೆ ಸೇರಿತು. ನೆರೆಯ ಯಳಂದೂರಾದರೋ ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಎರಡೂ ಕಡೆಗಳಲ್ಲಿ ಒಂದೇ ನುಡಿ, ಒಂದೇ ಸಂತೆ, ಒಂದೇ ಮಾದಪ್ಪನ ಪರಿಷೆ. ಆದರೆ ಸರ್ಕಾರಗಳು ಎರಡು. ಸುಮಾರು 157 ವರ್ಷ ಕಾಲ, ಎಂದರೆ 1956ರ ನವೆಂಬರ್ 1ನೆಯ ತಾರೀಖಿನ ವರೆಗೆ, ಈ ಏರ್ಪಾಡು ನಡೆಯಿತು. ಹೊಲ ಉಳುವವನಿಗೆ ಈ ಗಡಿಯು ಅಷ್ಟಾಗಿ ಕಾಣದಿದ್ದರೂ, ಮಗನನ್ನು ಕಾಲೇಜಿಗೆ ಕಳುಹಿಸಬೇಕೆಂದವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಕೊಳ್ಳೇಗಾಲದ ವಿದ್ಯಾರ್ಥಿಯು ನಿಯಮದಂತೆ 1857ರಲ್ಲಿ ಆರಂಭವಾದ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದವನು. ಅವನ ಜಿಲ್ಲೆಯ ಕಾಲೇಜೆಂದರೆ, 1852ರಲ್ಲಿ ಶಾಲೆಯಾಗಿ ಹುಟ್ಟಿ ಮುಂದೆ ಬೆಳೆದ ಕೊಯಮತ್ತೂರಿನ ಸರ್ಕಾರಿ ಕಾಲೇಜು. ಅಲ್ಲಿಗೆ ಹೋಗಬೇಕಾದರೆ ದಿಂಬಂ ಘಾಟಿಯನ್ನಿಳಿದು ಸತ್ಯಮಂಗಲದ ಮೇಲೆ ಹಾಯ್ದು ಹೋಗಬೇಕು. ಇಳಿದ ಮೇಲೆ ಸುತ್ತಲೂ ಕೇಳುವುದು ತಮಿಳು. ಇತ್ತ ಮೈಸೂರು ಸುಮಾರು 65 ಕಿಲೋಮೀಟರು ದೂರ. ಅಲ್ಲಿ ಮಹಾರಾಜಾ ಕಾಲೇಜಿತ್ತು, 1916ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು, 1928ರಲ್ಲಿ ಇಂಟರ್‌ಮೀಡಿಯೆಟ್ ತರಗತಿಗಳಿಗಾಗಿ ಯುವರಾಜಾ ಕಾಲೇಜು ಏರ್ಪಟ್ಟಿತು. ಭಾಷೆಯಿಂದ ತನ್ನದಾದ ಊರು ಆಳಿಕೆಯಿಂದ ಪರರಾಜ್ಯ. ಆಳಿಕೆಯಿಂದ ತನ್ನದಾದ ಊರು ಭಾಷೆಯಿಂದ ಪರದೇಶ. ಈ ಸೀಮೆಯ ಹುಡುಗನ ಉಚ್ಚಶಿಕ್ಷಣವು ಪುಸ್ತಕವನ್ನು ತೆರೆಯುವ ಮೊದಲೇ ಇಂಥ ಆಯ್ಕೆಯಿಂದ ಆರಂಭವಾಗುತ್ತಿತ್ತು.

ಊರು ಯಾವುದಾದರೇನು, ಮುಟ್ಟಿದ ಮೇಲೆ ಮೊದಲ ಚಿಂತೆ ಅನ್ನದ್ದು. ಬ್ರಾಹ್ಮಣ ಬಾಲಕರಿಗೆ ವಾರಾನ್ನವೆಂಬ ಪದ್ಧತಿಯಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅದರ ಔದಾರ್ಯವೂ ದೊಡ್ಡದು, ಅದರ ಎಲ್ಲೆಯೂ ಕಠಿನವಾದುದು. ಜಾತಿಯ ಹೊಸ್ತಿಲನ್ನು ಆ ಅನ್ನವು ದಾಟುತ್ತಿರಲಿಲ್ಲ. ಮೈಸೂರಿನಲ್ಲಿ ತಾತಯ್ಯನೆಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಬಡ ಮಕ್ಕಳಿಗಾಗಿ ಅನಾಥಾಲಯವನ್ನು ನಡೆಸಿದರು. 1940ರ ದಶಕದ ಆರಂಭದಲ್ಲಿ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಅದೇ ಊರಿನಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು. ಅಸ್ಪೃಶ್ಯರೆನಿಸಿ ಊರ ಹೊರಗಿದ್ದವರ ಮಕ್ಕಳಿಗೆ ನಿಲಯಗಳನ್ನು ಏರ್ಪಡಿಸಲು ಗೋಪಾಲಸ್ವಾಮಿ ಅಯ್ಯರವರು ದುಡಿದರು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರವು ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳನ್ನು ಹೆಚ್ಚಿಸಿದ ಮೇಲೆ, ದಾನವಾಗಿದ್ದ ಊಟವು ಹಕ್ಕಾಗುವ ಕಡೆಗೆ ನಡೆಯಿತು. ನಮ್ಮ ಕಡೆಯ ಎಷ್ಟೋ ಮನೆಗಳ ಮೊದಲ ಪದವೀಧರನು ತರಗತಿಯ ಕೊಠಡಿಗೆ ಎಷ್ಟು ಋಣಿಯೋ ಅಡಿಗೆಯ ಮನೆಗೂ ಅಷ್ಟೇ ಋಣಿ.

ಇಂಥ ನಿಲಯಗಳು ಅನ್ನದ ಜೊತೆಗೆ ಬೇರೊಂದು ಉಪಕಾರವನ್ನೂ ಮಾಡುತ್ತಿದ್ದುವು. ಅದನ್ನು ಚರಿತ್ರೆಯು ಲೆಕ್ಕಕ್ಕೆ ಹಿಡಿದಿಲ್ಲ. ಹೊಸದಾಗಿ ಬಂದ ಹುಡುಗನಿಗೆ ಪಕ್ಕದ ಚಾಪೆಯ ಮೇಲೆ ಮಲಗುವವನು ಒಂದೆರಡು ವರ್ಷ ಹಿರಿಯ. ಅರ್ಜಿಯನ್ನು ಹೇಗೆ ಬರೆಯಬೇಕು, ವಿದ್ಯಾರ್ಥಿವೇತನಕ್ಕೆ ಯಾವ ಕಚೇರಿಗೆ ಹೋಗಬೇಕು, ಇಂಗ್ಲಿಷಿನ ಪಾಠವು ಹಿಡಿಯದಿದ್ದಾಗ ಯಾರ ಟಿಪ್ಪಣಿಯನ್ನು ಕೇಳಬೇಕು, ಅಧ್ಯಾಪಕರೊಡನೆ ಅಂಜದೆ ಹೇಗೆ ಮಾತನಾಡಬೇಕು ಎಂಬುದನ್ನೆಲ್ಲ ಅವನೇ ಹೇಳಿಕೊಡುತ್ತಿದ್ದನು. ಕನ್ನಡದಲ್ಲಿ ಓದಿ ಬಂದವನಿಗೆ ಕಾಲೇಜಿನ ಮೊದಲ ತಿಂಗಳುಗಳಲ್ಲಿ ಈ ಹಿರಿಯನೇ ನಿಜವಾದ ಗುರು.

1956ರ ಏಕೀಕರಣದಿಂದ ಕೊಳ್ಳೇಗಾಲವು ಮೈಸೂರು ಜಿಲ್ಲೆಗೂ, 1997ರಲ್ಲಿ ಹೊಸದಾದ ಚಾಮರಾಜನಗರ ಜಿಲ್ಲೆಗೂ ಸೇರಿತು. ಗಡಿಯು ಅಳಿಯಿತು, ಕ್ರಮೇಣ ಕಾಲೇಜೇ ವಿದ್ಯಾರ್ಥಿಯ ಕಡೆಗೆ ನಡೆದು ಬಂದಿತು. ಇಂದು ಕೊಳ್ಳೇಗಾಲ, ಯಳಂದೂರು, ಹನೂರುಗಳಲ್ಲಿ ಸರ್ಕಾರದ ಪ್ರಥಮ ದರ್ಜೆ ಕಾಲೇಜುಗಳಿವೆ. ಕರ್ನಾಟಕದಲ್ಲಿ ಇಂಥವು 400ಕ್ಕೂ ಹೆಚ್ಚು. 2023ರ ಜೂನ್ ತಿಂಗಳಿನಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವೂ ಉಚಿತವಾಯಿತು. ಹಿಂದೆ ಮಗಳನ್ನು ಮೈಸೂರಿನ ಮಹಾರಾಣಿ ಕಾಲೇಜಿಗೆ ಕಳುಹಿಸುವ ಮಾತನ್ನು ಕನಸಿನಲ್ಲಿಯೂ ಎಣಿಸದಿದ್ದ ಮನೆಗಳಿಂದ ಇಂದು ಹುಡುಗಿಯರು ಬೆಳಗಿನ ಬಸ್ಸಿಗೆ ನಿಲ್ಲುತ್ತಾರೆ. ಇದು ಸಣ್ಣ ಮಾತಲ್ಲ.

ಅಮೆರಿಕೆಯಲ್ಲಿಯೂ ಇಂಥದೇ ಪ್ರಯತ್ನ ನಡೆದಿದೆ. 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಿನಲ್ಲಿ, ಅಲ್ಲಿನ ಹೈಸ್ಕೂಲಿನ ಆಶ್ರಯದಲ್ಲಿಯೇ, ಆರು ಮಂದಿ ವಿದ್ಯಾರ್ಥಿಗಳಿಂದ ಕಾಲೇಜಿನ ಮೊದಲೆರಡು ವರ್ಷಗಳ ಪಾಠವು ಆರಂಭವಾಯಿತು. ಸಮುದಾಯ ಕಾಲೇಜುಗಳೆಂದು ಇಂದು ಪ್ರಸಿದ್ಧವಾದ ಸಂಸ್ಥೆಗಳಿಗೆ ಅದೇ ಮೊದಲು. ಮನೆಯಿಂದಲೇ ಓಡಾಡಿ, ಕಡಿಮೆ ವೆಚ್ಚದಲ್ಲಿ, ದುಡಿಯುತ್ತ ಓದಬಹುದೆಂಬುದು ಅವುಗಳ ಗುಣ. ಸೇರಿದವರಲ್ಲಿ ಅನೇಕರು ಓದನ್ನು ಮುಗಿಸದೆ ಬಿಡುವರೆಂಬುದು ಅಲ್ಲಿನವರನ್ನು ಬಹುಕಾಲದಿಂದ ಕಾಡಿರುವ ಕೊರಗು. ಬಾಗಿಲನ್ನು ಅಗಲವಾಗಿ ತೆರೆದರೆ ಒಳಗೆ ಬಂದವನನ್ನು ಕೈ ಹಿಡಿದು ನಡೆಸುವ ಕೆಲಸವೂ ಹೆಚ್ಚುತ್ತದೆ.

ನಮ್ಮ ಸೀಮೆಯ ಇಂದಿನ ಪ್ರಶ್ನೆಯೂ ಇದೇ ಎಂದು ನನ್ನ ಅಭಿಪ್ರಾಯ. ಕಾಲೇಜು ಹತ್ತಿರವಾದುದರಿಂದ ಹಾದಿಯ ಕಷ್ಟವೂ ಅನ್ನದ ಕಷ್ಟವೂ ತಗ್ಗಿದುವು. ಆದರೆ ಪಕ್ಕದ ಚಾಪೆಯ ಹಿರಿಯನು ಇಲ್ಲವಾದನು. ಹಳ್ಳಿಯಿಂದ ಬರುವ ಹುಡುಗಿಯು ಪಾಠವು ಮುಗಿದೊಡನೆ ಬಸ್ಸಿಗೆ ಓಡಬೇಕು. ಮನೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕುವುದೋ ದನಕರು ನೋಡುವುದೋ ಕಾದಿರುತ್ತದೆ. ಪಾಠದಲ್ಲಿ ತಿಳಿಯದುದನ್ನು ಕೇಳಲು ಮನೆಯಲ್ಲಿ ಕಾಲೇಜು ಕಂಡವರಿಲ್ಲ. ಬಿಟ್ಟುಹೋಗುವವರು ಗಲಾಟೆ ಮಾಡಿ ಹೋಗುವುದಿಲ್ಲ. ಒಂದು ವಾರ ಬರುವುದಿಲ್ಲ, ಆಮೇಲೆ ಬರುವುದೇ ಇಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾಕ್ಟರ್ ಎಚ್. ಸುದರ್ಶನರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ಮಕ್ಕಳಿಗೆ ಶಾಲೆಯನ್ನು ತೆರೆದಾಗ, ಪಾಠ, ಊಟ, ವಸತಿಗಳನ್ನು ಒಂದೇ ಕಡೆಯಲ್ಲಿ ಕೂಡಿಸಿದರು. ಓದಿದ ಸೋಲಿಗರು ಮರಳಿ ಬಂದು ತಮ್ಮವರಿಗೆ ದಾರಿ ತೋರಿದರು. ಅನ್ನವೂ ಹಿರಿಯರ ಒಡನಾಟವೂ ಬೇರೆಬೇರೆಯಲ್ಲವೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಈ ನಿದರ್ಶನವಿದೆ.

ವಾರಾನ್ನದ ಕಾಲವು ಹೋಯಿತು. ಅದರ ಜಾತಿಯ ಎಲ್ಲೆಯೊಡನೆ ಅದು ಮರಳುವುದೂ ಬೇಡ. ಆದರೆ ಪರರ ಮಗನ ಓದಿನಲ್ಲಿ ಒಂದು ದಿನದ ಪಾಲು ನನ್ನದು ಎಂಬ ಅದರ ಭಾವನೆಯನ್ನು ಕಳೆದುಕೊಳ್ಳಬೇಕಾಗಿಲ್ಲ. ಕೊಳ್ಳೇಗಾಲ ಹನೂರುಗಳಲ್ಲಿ ಕಾಲೇಜು ಕಂಡ ಮನೆಗಳು ಈಗ ಅನೇಕವಿವೆ. ಬಸ್ಸು ಬರುವ ವರೆಗೆ ಕುಳಿತು ಓದಲು ಒಂದು ಜಗಲಿ, ತಿಳಿಯದ ಇಂಗ್ಲಿಷ್ ಪುಟವನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ವಾರಕ್ಕೆ ಒಂದು ಸಂಜೆ: ಇಷ್ಟನ್ನು ಅಂಥ ಪ್ರತಿಯೊಂದು ಮನೆಯೂ ಕೊಡಬಲ್ಲದು. ಕಾಲೇಜನ್ನು ನಮ್ಮ ಊರಿಗೆ ತಂದುದು ಸರ್ಕಾರದ ಕೆಲಸ. ಬಂದ ಮಗುವು ಮೊದಲ ವರ್ಷವನ್ನು ದಾಟುವಂತೆ ಮಾಡುವುದು ಊರಿನ ಕೆಲಸ.