ಅನುಮಾನದಿಂದ ಪ್ರತ್ಯಕ್ಷಕ್ಕೆ: ಬ್ಯಾಕ್ಟೀರಿಯೋಫೇಜಿನ ವೃತ್ತಾಂತ

ಪರ್ವತದಲ್ಲಿ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಅನುಮಾನಿಸುವುದನ್ನು ತರ್ಕಶಾಸ್ತ್ರದ ವಿದ್ಯಾರ್ಥಿಯು ಮೊದಲಲ್ಲಿಯೇ ಕಲಿಯುತ್ತಾನೆ. ಆದರೆ ಬೆಟ್ಟವನ್ನು ಹತ್ತಿ ನೋಡುವ ದಾರಿಯೇ ಇಲ್ಲದಿದ್ದರೆ, ಹೊಗೆಗೆ ಬೇರೆ ಕಾರಣವನ್ನು ಹೇಳುವ ಪ್ರತಿವಾದಿಗೆ ಉತ್ತರವೇನು? ಯೂರೋಪಿನ ವಿದ್ವಾಂಸರಲ್ಲಿ ಇಂತಹುದೇ ಒಂದು ವಾದವು ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ನಡೆಯಿತು.

1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್ ಎಂಬವರು ತಾವು ಬೆಳೆಸಿದ ಬ್ಯಾಕ್ಟೀರಿಯಗಳ ಗುಂಪುಗಳು ಗಾಜಿನಂತೆ ತಿಳಿಯಾಗಿ ಕರಗಿಹೋಗುವುದನ್ನು ಕಂಡರು. 1917ರಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಫೆಲಿಕ್ಸ್ ಡೆರೆಲ್ ಎಂಬವರು ಆಮಶಂಕೆಯ ಬ್ಯಾಕ್ಟೀರಿಯಗಳಿಗೂ ಇದೇ ಗತಿಯೊದಗುವುದನ್ನು ಪ್ರಕಟಿಸಿದರು. ಕರಗಿಸುವ ಆ ದ್ರವವನ್ನು ಬ್ಯಾಕ್ಟೀರಿಯಗಳೇ ನುಸುಳಲಾರದಷ್ಟು ಸೂಕ್ಷ್ಮವಾಗಿ ಸೋಸಿದರೂ ಅದರ ಶಕ್ತಿಯು ಕುಂದಲಿಲ್ಲ. ಬ್ಯಾಕ್ಟೀರಿಯಗಳು ಬೆಳೆದ ತಟ್ಟೆಯಲ್ಲಿ ಅದು ಬರಿದಾದ ದುಂಡು ಚುಕ್ಕೆಗಳನ್ನು ಎಬ್ಬಿಸುತ್ತಿತ್ತು. ದ್ರವವನ್ನು ತೆಳುಮಾಡಿದಷ್ಟೂ ಚುಕ್ಕೆಗಳ ಸಂಖ್ಯೆ ಇಳಿಯುತ್ತಿತ್ತು. ಉಳಿದ ಚುಕ್ಕೆಗಳು ಮಾತ್ರ ಹಿಂದಿನಂತೆಯೇ ಸ್ಪಷ್ಟವಾಗಿರುತ್ತಿದ್ದುವು. ಆದುದರಿಂದ ಒಂದೊಂದು ಚುಕ್ಕೆಯೂ ಒಂದೊಂದು ಕಣದಿಂದ ಹುಟ್ಟಿದುದೆಂದು ಡೆರೆಲರು ಅನುಮಾನಿಸಿ, ಆ ಕಣಕ್ಕೆ ಬ್ಯಾಕ್ಟೀರಿಯೋಫೇಜ್, ಎಂದರೆ ಬ್ಯಾಕ್ಟೀರಿಯಭಕ್ಷಕ, ಎಂದು ಹೆಸರಿಟ್ಟರು.

1919ರ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಬೆಲ್ಜಿಯಮ್ಮಿನ ಜೂಲ್ ಬಾರ್ಡೆಯವರು ಇದನ್ನೊಪ್ಪಲಿಲ್ಲ. ಬ್ಯಾಕ್ಟೀರಿಯವು ತಾನೇ ಹುಟ್ಟಿಸುವ ಕಿಣ್ವದಂತಹ ವಸ್ತುವೇ ಅದನ್ನು ಕರಗಿಸುವುದೆಂಬುದು ಅವರ ಪಕ್ಷ. ಇದು ಬರಿಯ ಪಂಡಿತರ ಜಗಳವಾಗಿರಲಿಲ್ಲ. ಡೆರೆಲರು ಈ ದ್ರವವನ್ನು ರೋಗಿಗಳಿಗೆ ಔಷಧವಾಗಿ ಕೊಡುತ್ತಿದ್ದರು. 1927ರಲ್ಲಿ ನಮ್ಮ ದೇಶಕ್ಕೂ ಬಂದು ಕಾಲರಾದ ಮೇಲೆ ಅದನ್ನು ಪ್ರಯೋಗಿಸಿದರು. ಕೊಡುವ ಔಷಧವು ಏನೆಂಬುದೇ ನಿಶ್ಚಯವಾಗದಿದ್ದರೆ ವೈದ್ಯನಿಗೆ ಧೈರ್ಯವೆಲ್ಲಿಯದು?

ಬೆಳಕಿನ ಸೂಕ್ಷ್ಮದರ್ಶಕವು ಇಲ್ಲಿ ನಿರುಪಾಯವಾಗಿತ್ತು. ಬೆಳಕಿನ ಅಲೆಯೇ ಆ ಕಣಕ್ಕಿಂತ ದೊಡ್ಡದು. ಒಂದು ಮಿಲಿಮೀಟರನ್ನು ಐದು ಸಾವಿರ ಪಾಲು ಮಾಡಿದರೆ, ಅಂತಹ ಒಂದು ಪಾಲಿಗಿಂತ ಕಿರಿದಾದುದನ್ನು ಅದು ಬಿಡಿಸಿ ತೋರಿಸಲಾರದು. 1931ರಲ್ಲಿ ಬರ್ಲಿನ್ನಿನ ಎರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಎಂಬವರು ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳನ್ನೂ ಗಾಜಿನ ಮಸೂರಕ್ಕೆ ಬದಲಾಗಿ ವಿದ್ಯುತ್ಸುರುಳಿಗಳ ಕಾಂತಶಕ್ತಿಯನ್ನೂ ಬಳಸಿ ಹೊಸ ಯಂತ್ರವನ್ನು ರಚಿಸಿದರು. ಎರ್ನ್ಸ್ಟರ ತಮ್ಮ ಹೆಲ್ಮುಟ್ ರುಸ್ಕಾ ವೈದ್ಯರು. ಅವರು 1940ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಬ್ಯಾಕ್ಟೀರಿಯಕ್ಕೆ ಮುತ್ತಿಗೆ ಹಾಕಿದ ಕಣಗಳು ಕಾಣಿಸಿದುವು. 1942ರಲ್ಲಿ ಅಮೆರಿಕದ ಲೂರಿಯಾ ಮತ್ತು ಆಂಡರ್ಸನ್ ಅವರ ಚಿತ್ರಗಳಲ್ಲಿ ತಲೆಯೂ ಬಾಲವೂ ಸ್ಪಷ್ಟವಾದುವು. ಥೇಟು ಗೊದಮೊಟ್ಟೆಯ ಆಕಾರ! 1949ರಲ್ಲಿ ತೀರಿಕೊಂಡ ಡೆರೆಲರು ಬದುಕಿದ್ದಾಗಲೇ ಅವರ ಕಣಕ್ಕೆ ಹೀಗೆ ಸಾಕ್ಷ್ಯವು ದೊರೆಯಿತು.

ಆದರೆ ಪ್ರತ್ಯಕ್ಷವೂ ಹೊಸ ಸಂದೇಹಗಳನ್ನು ಹುಟ್ಟಿಸಿತು. ಬ್ಯಾಕ್ಟೀರಿಯವು ಒಡೆಯುವವರೆಗೂ ಮುತ್ತಿದ ಕಣಗಳು ಹೊರಗೇ ಅಂಟಿಕೊಂಡಿದ್ದುವು. ಹಾಗಾದರೆ ಒಳಗೆ ಸಂತತಿಯು ಬೆಳೆಯುವುದು ಹೇಗೆ? ತಲೆಯೊಳಗಿನ ಡಿಎನ್‌ಎ ಮಾತ್ರ ಒಳಹೊಗುವುದೆಂದು 1952ರಲ್ಲಿ ಹರ್ಷೆ ಮತ್ತು ಚೇಸ್ ತೋರಿಸಿದುದು ಕಣ್ಣಿನಿಂದಲ್ಲ, ಪ್ರಯೋಗಮೂಲವಾದ ಅನುಮಾನದಿಂದ. ಇದಲ್ಲದೆ ಯಂತ್ರದೊಳಗಿನ ನಿರ್ವಾತದಲ್ಲಿ ಕಾಣುತ್ತಿದ್ದುದು ಒಣಗಿದ ಶರೀರವೇ. ಹರಳುಗಟ್ಟಲು ಅವಕಾಶವಿಲ್ಲದಷ್ಟು ಬೇಗ ನೀರನ್ನು ಘನೀಭವಿಸಿ, ವೈರಸ್ಸುಗಳನ್ನು ಅದರಲ್ಲಿಟ್ಟು ನೋಡುವ ವಿಧಾನವನ್ನು ಜಾಕ್ ದ್ಯುಬೋಶೆ ಮೊದಲಾದವರು 1984ರಲ್ಲಿ ತೋರಿಸಿಕೊಟ್ಟರು. ದ್ಯುಬೋಶೆಯವರಿಗೆ 2017ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಎರ್ನ್ಸ್ಟ್ ರುಸ್ಕಾರಿಗೆ ಆ ಗೌರವವು ಬಂದುದು 1986ರಲ್ಲಿ. ತಮ್ಮ ಹೆಲ್ಮುಟ್ 1973ರಲ್ಲಿಯೇ ಗತಿಸಿದ್ದರು. ಚುಕ್ಕೆಗಳನ್ನೆಣಿಸಿ ಕಾಣದುದನ್ನು ನಿಶ್ಚಯಿಸಿದವರನ್ನೂ, ಕಂಡ ಮೇಲೆಯೂ ಪ್ರಶ್ನಿಸಿದವರನ್ನೂ ವಾಚಕರು ಸಮನಾಗಿ ಸ್ಮರಿಸಬೇಕು.