ಮುಖಪುಟದಲ್ಲಿ ಕನ್ನಡ ಯಾಕೆ 'ಆಮೇಲೆ'?

ಕ್ಯಾತನಹಳ್ಳಿಯ ಆಲೆಮನೆಯೊಂದರ ವೆಬ್‌ಸೈಟ್ ಹೊಸದು ಮಾಡಲು ಬಂದ ಮೂರು ಮುಖಪುಟದ ಮಾದರಿಗಳನ್ನು ನಾವು ನೋಡಿದೆವು. ಮೂರರಲ್ಲೂ ಇಂಗ್ಲಿಷೇ. 'ಕನ್ನಡ ಆಮೇಲೆ ತುಂಬೋಣ' ಎಂದರು. ಈ 'ಆಮೇಲೆ' ಹಳೇ ಕಥೆ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೆ 1996ರಲ್ಲಿ ಯು.ಬಿ. ಪವನಜ 'ವಿಶ್ವಕನ್ನಡ' ಜಾಲತಾಣ ಆರಂಭಿಸಿದಾಗ ಅದನ್ನು ತೋರಿಸುವ ಫಾಂಟ್ ಜನರ ಕಂಪ್ಯೂಟರಿನಲ್ಲಿ ಇರಲಿಲ್ಲ. ಆ ಕಾಲದ ಪುಟಗಳು ಅಕ್ಷರವನ್ನು ಚಿತ್ರ ಮಾಡಿ ಅಂಟಿಸುತ್ತಿದ್ದವು, ಇಲ್ಲವೇ ಫಾಂಟನ್ನೇ ಜೊತೆಗೆ ಹೊತ್ತು ತರುತ್ತಿದ್ದವು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟ್ ಬಂತು.

ಇವತ್ತು ಫಾಂಟಿಗೆ ಬರವಿಲ್ಲ. ಆದರೂ ಇಂಗ್ಲಿಷಿನ ಅಳತೆಗೆ ಹೊಲಿದ ಸಾಲಿನಲ್ಲಿ 'ಅಚ್ಚು ಬೆಲ್ಲ' ಎಂದು ಬರೆದು ನೋಡಿ (ಎರಡೂ ಪದಕ್ಕೆ ಒತ್ತು!), ಒತ್ತಕ್ಷರ ಕೆಳಗಿನ ಸಾಲಿಗೆ ಬಡಿಯುತ್ತದೆ. ಮಾದರಿ ಒಪ್ಪುವ ಮುಂಚೆ ಆಲೆಮನೆಯವರು ಒಂದೇ ಮಾತು ಕೇಳಿದರು: ಇದನ್ನು ಕನ್ನಡದಲ್ಲಿ, ನಮ್ಮ ಮೊಬೈಲಿನಲ್ಲೇ ತೋರಿಸಿ.